ಮಾರ್ಕ್ಸ್‌ವಾದ ಮತ್ತು ‘ಆಗಿಯೇ ತೀರುತ್ತದೆ’ ಎಂಬ ಮಾತು



ಚಂದ್ರಗ್ರಹಣ ಆಗಲಿ ಎಂದು ಯಾರೂ ಪಕ್ಷ ಕಟ್ಟುವುದಿಲ್ಲ. ಗ್ರಹಣದ ದಿನ, ಸ್ಪರ್ಶಕಾಲ, ಮೋಕ್ಷಕಾಲ ಎಲ್ಲವೂ ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುತ್ತವೆ. ನಾವು ಮೆರವಣಿಗೆ ಹೊರಟರೂ ಸರಿ, ಮನೆಯಲ್ಲಿ ಮಲಗಿದ್ದರೂ ಸರಿ, ಹೊತ್ತಿಗೆ ಹಿಡಿಯುತ್ತದೆ, ಹೊತ್ತಿಗೆ ಬಿಡುತ್ತದೆ. ಹಾಗಿದ್ದ ಮೇಲೆ, ಸಮಾಜವಾದ ಬಂದೇ ಬರುತ್ತದೆ ಎನ್ನುವವರು ಅದನ್ನು ತರುವುದಕ್ಕಾಗಿ ಪಕ್ಷ ಕಟ್ಟುವುದೇಕೆ, ಚಂದಾ ಎತ್ತುವುದೇಕೆ, ಜೈಲಿಗೆ ಹೋಗುವುದೇಕೆ? ಈ ಕುಟುಕು ಪ್ರಶ್ನೆಯನ್ನು 1896ರಲ್ಲಿ ಎತ್ತಿದವನು ರುಡಾಲ್ಫ್ ಸ್ಟಾಮ್ಲರ್ ಎಂಬ ಜರ್ಮನ್ ನ್ಯಾಯಶಾಸ್ತ್ರಜ್ಞ. ಮಾರ್ಕ್ಸ್‌ವಾದದ ಮೇಲೆ ಬಂದ ಟೀಕೆಗಳಲ್ಲಿ ಇಂದಿಗೂ ಹಳತಾಗದೆ ಉಳಿದಿರುವುದು ಇದು.

ರಷ್ಯಾದ ಮಾರ್ಕ್ಸ್‌ವಾದಿ ಪ್ಲೆಖಾನೊವ್ 1898ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಗ್ರಹಣ ಆಗುವುದಕ್ಕೆ ಬೇಕಾದ ಕಾರಣಗಳಲ್ಲಿ ಮನುಷ್ಯರ ಕೆಲಸ ಸೇರಿಲ್ಲ. ಸಮಾಜ ಬದಲಾಗುವುದಕ್ಕೆ ಬೇಕಾದ ಕಾರಣಗಳಲ್ಲಿ ಮನುಷ್ಯರ ಕೆಲಸವೇ ಮುಖ್ಯವಾದದ್ದು. ನನ್ನ ಹೋರಾಟ ಆ ಅನಿವಾರ್ಯತೆಯ ಸರಪಳಿಯಲ್ಲಿ ಒಂದು ಕೊಂಡಿ, ಎಂಬುದು ಅವನ ವಾದ. ಜಾಣ ಉತ್ತರವೇ. ಆದರೆ ಅರ್ಧ ಉತ್ತರ. ನಾನು ಹೋರಾಡುವುದೂ ಮೊದಲೇ ನಿಗದಿಯಾಗಿದೆ ಎಂದರೆ ಗಂಟು ಬಿಚ್ಚಿದಂತಾಗಲಿಲ್ಲ, ಒಂದು ಮೊಳ ಹಿಂದಕ್ಕೆ ಸರಿದಂತಾಯಿತು, ಅಷ್ಟೆ. ಮಾರ್ಕ್ಸ್‌ನ ಸಿದ್ಧಾಂತ ನಿಜಕ್ಕೂ ನಿಯತಿವಾದವೇ? ಚರಿತ್ರೆಯ ದಾರಿಯನ್ನೂ ಕೊನೆಯ ನಿಲ್ದಾಣವನ್ನೂ ಅದು ಮೊದಲೇ ಗೊತ್ತುಮಾಡಿಬಿಟ್ಟಿದೆಯೇ? ಈ ಹೊತ್ತು ಅದನ್ನು ವಿಚಾರಿಸೋಣ.

ಮೊದಲು ಆಪಾದನೆಯನ್ನು ಅದರ ಪೂರ್ತಿ ಬಲದೊಂದಿಗೆ ಕೇಳಬೇಕು. ಅದು ವಿರೋಧಿಗಳು ಕಟ್ಟಿದ ಕತೆಯಲ್ಲ. ಮಾರ್ಕ್ಸ್‌ನ ಬರಹದಲ್ಲೇ ಅದಕ್ಕೆ ಆಧಾರಗಳಿವೆ. 1848ರ ‘ಕಮ್ಯುನಿಸ್ಟ್ ಪ್ರಣಾಳಿಕೆ’ ಬಂಡವಾಳಗಾರರ ಪತನವನ್ನೂ ಕಾರ್ಮಿಕರ ಗೆಲುವನ್ನೂ ತಪ್ಪಿಸಲಾಗದ ಸಂಗತಿಗಳೆಂದು ಸಾರಿತು. 1859ರಲ್ಲಿ ಬರೆದ ಒಂದು ಮುನ್ನುಡಿಯಲ್ಲಿ, ಜನ ತಮ್ಮ ಬದುಕನ್ನು ಉತ್ಪಾದಿಸಿಕೊಳ್ಳುವ ರೀತಿಯೇ ತಳಹದಿ, ಕಾನೂನು, ರಾಜಕೀಯ, ವಿಚಾರಗಳು ಅದರ ಮೇಲೆದ್ದ ರಚನೆ ಎಂಬ ಚಿತ್ರ ಬಂತು. 1867ರಲ್ಲಿ ‘ಬಂಡವಾಳ’ ಗ್ರಂಥದ ಮೊದಲ ಸಂಪುಟ ಹೊರಬಿದ್ದಾಗ ಅದರ ಮುನ್ನುಡಿ, ಕೈಗಾರಿಕೆಯಲ್ಲಿ ಮುಂದುವರಿದ ದೇಶವು ಹಿಂದುಳಿದ ದೇಶಕ್ಕೆ ಅದರದೇ ನಾಳಿನ ಮುಖವನ್ನು ತೋರಿಸುತ್ತದೆ ಎಂಬ ಅರ್ಥದ ಮಾತಾಡಿತು. ಇವಿಷ್ಟನ್ನೇ ಓದಿ ಪುಸ್ತಕ ಮುಚ್ಚಿದವರಿಗೆ ಎಲ್ಲ ದೇಶಗಳೂ ಒಂದೇ ಹಳಿಯ ಮೇಲೆ ಓಡುವ ಗಾಡಿಗಳಂತೆ ಕಂಡರೆ ತಪ್ಪು ಅವರದಷ್ಟೇ ಅಲ್ಲ.

ತತ್ವಜ್ಞಾನಿ ಕಾರ್ಲ್ ಪಾಪರ್ ಹಿಡಿದದ್ದು ಈ ಎಳೆಯನ್ನೇ. 1957ರಲ್ಲಿ ಪುಸ್ತಕವಾಗಿ ಬಂದ ತನ್ನ ವಾದದಲ್ಲಿ, ಚರಿತ್ರೆಗೆ ತಪ್ಪಿಸಲಾಗದ ನಿಯಮವಿದೆ, ಅದನ್ನು ಬಲ್ಲವರು ತಾವು ಎಂಬ ನಂಬಿಕೆಯೇ ಇಪ್ಪತ್ತನೆಯ ಶತಮಾನದಲ್ಲಿ ಅಸಂಖ್ಯಾತ ಜನರ ಪ್ರಾಣ ತೆಗೆಯಿತು ಎಂದು ಆತ ದೂರಿದ. ಆ ಪುಸ್ತಕದ ಅರ್ಪಣೆಯೂ ಹಾಗೆ ಸತ್ತವರ ನೆನಪಿಗೇ. ಇದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ.

ಆದರೆ ಒಬ್ಬ ಚಿಂತಕ ಪೀಠಿಕೆಗಳಲ್ಲಿ ಏನು ಘೋಷಿಸಿದ ಎಂಬುದು ಒಂದು. ನಿಜವಾದ ಒಂದು ದೇಶವನ್ನು ಮುಂದಿಟ್ಟು, ಈಗ ಹೇಳಿ, ಇಲ್ಲಿ ಏನಾಗುತ್ತದೆ, ಎಂದು ಕೇಳಿದಾಗ ಏನು ಉತ್ತರ ಕೊಟ್ಟ ಎಂಬುದು ಇನ್ನೊಂದು. ಮಾರ್ಕ್ಸ್‌ಗೆ ಹಾಗೆ ಕೇಳಿದವರಿದ್ದರು. ಕೇಳಿದವಳು ಒಬ್ಬ ಹೆಣ್ಣುಮಗಳು.

ಹೆಸರು ವೇರಾ ಜಸೂಲಿಚ್. ಸೇಂಟ್ ಪೀಟರ್ಸ್‌ಬರ್ಗಿನ ಗವರ್ನರ್ ಟ್ರೆಪೊವ್, ತನ್ನ ಮುಂದೆ ಟೋಪಿ ತೆಗೆಯಲಿಲ್ಲವೆಂದು ಒಬ್ಬ ರಾಜಕೀಯ ಕೈದಿಗೆ ಛಡಿಯೇಟು ಹಾಕಿಸಿದ್ದ. 1878ರಲ್ಲಿ ಅವನ ಕಚೇರಿಗೇ ಹೋಗಿ ಗುಂಡು ಹಾರಿಸಿದವಳು ಈಕೆ. ಅವನು ಗಾಯಗೊಂಡು ಬದುಕಿಕೊಂಡ. ಜ್ಯೂರಿಯವರು ಅವಳನ್ನು ನಿರ್ದೋಷಿಯೆಂದು ಬಿಟ್ಟರು. ಪೊಲೀಸರು ಮತ್ತೆ ಹಿಡಿಯುವ ಮೊದಲೇ ದೇಶ ಬಿಟ್ಟು ಸ್ವಿಟ್ಜರ್ಲೆಂಡ್ ಸೇರಿದಳು. ಅಲ್ಲಿನ ಜಿನೀವಾದಿಂದ 1881ರ ಫೆಬ್ರವರಿ 16ರಂದು ಲಂಡನ್ನಿನಲ್ಲಿದ್ದ ಮಾರ್ಕ್ಸ್‌ಗೆ ಫ್ರೆಂಚ್ ಭಾಷೆಯಲ್ಲಿ ಒಂದು ಕಾಗದ ಬರೆದಳು.

ಕಾಗದದ ವಿಷಯ ರಷ್ಯಾದ ಹಳ್ಳಿ. ಅಲ್ಲಿ ಬಹುಪಾಲು ರೈತರ ಸಾಗುವಳಿ ಭೂಮಿ ಒಬ್ಬೊಬ್ಬರ ಸ್ವಂತ ಆಸ್ತಿಯಾಗಿರಲಿಲ್ಲ, ಊರಿನ ಸಮುದಾಯದ್ದಾಗಿತ್ತು. ಮನೆಯಲ್ಲಿ ದುಡಿಯುವ ಕೈಗಳು, ಉಣ್ಣುವ ಬಾಯಿಗಳು ಎಷ್ಟೆಂದು ನೋಡಿ ಊರಿನ ಸಭೆ ಆಗಾಗ ಹೊಲದ ಪಟ್ಟಿಗಳನ್ನು ಮರುಹಂಚಿಕೆ ಮಾಡುತ್ತಿತ್ತು. ಈ ವ್ಯವಸ್ಥೆಯನ್ನು ‘ಮೀರ್’ ಎನ್ನುತ್ತಿದ್ದರು. ಈ ಸಮುದಾಯದಿಂದ ನೇರವಾಗಿ ಸಮಾಜವಾದಕ್ಕೆ ದಾರಿಯುಂಟೇ? ಅಥವಾ ಇಂಗ್ಲೆಂಡಿನಲ್ಲಿ ಆದಂತೆ ರೈತರು ಭೂಮಿ ಕಳೆದುಕೊಂಡು, ಕೂಲಿಗಳಾಗಿ, ಕಾರ್ಖಾನೆ ಸೇರಿ, ಶತಮಾನಗಟ್ಟಲೆ ಬೆಂದ ಮೇಲೆಯೇ ಮುಂದಿನ ಮಾತೋ? ನಿಮ್ಮ ಶಿಷ್ಯರೆಂದು ಹೇಳಿಕೊಳ್ಳುವವರು ಈ ಸಮುದಾಯ ಸಾಯಲೇಬೇಕು ಎನ್ನುತ್ತಿದ್ದಾರೆ. ನೀವು ಹಾಗೆ ಹೇಳಿದ್ದೀರಾ? ನಮ್ಮ ಪಕ್ಷಕ್ಕೆ ಇದು ಸಾವು ಬದುಕಿನ ಪ್ರಶ್ನೆ, ದಯಮಾಡಿ ತಿಳಿಸಿ ಎಂದು ಅವಳು ಕೇಳಿದಳು.

ಇದು ಪಂಡಿತರ ಚರ್ಚೆಯಾಗಿರಲಿಲ್ಲ. ಸಮುದಾಯ ಸಾಯುವುದು ಖಂಡಿತ ಎಂದಾದರೆ ಕ್ರಾಂತಿಕಾರಿಗಳಿಗೆ ಹಳ್ಳಿಯಲ್ಲಿ ಕೆಲಸವಿಲ್ಲ. ರೈತ ಇನ್ನು ಎಷ್ಟು ದಶಕಗಳಲ್ಲಿ ಭೂಮಿ ಕಳೆದುಕೊಳ್ಳುತ್ತಾನೆ ಎಂದು ಲೆಕ್ಕ ಹಾಕುತ್ತ ಕೂರುವುದಷ್ಟೇ ಉಳಿಯುತ್ತದೆ. ಉಳಿಯಬಹುದು ಎಂದಾದರೆ ಉಳಿಸಲು ಹೋರಾಡಬೇಕು.

ಮಾರ್ಕ್ಸ್ ಆಗ ಅರವತ್ತೆರಡು ದಾಟಿದ್ದ, ಕಾಯಿಲೆಯ ಮನುಷ್ಯ. ರಷ್ಯಾವನ್ನು ತಿಳಿಯುವುದಕ್ಕಾಗಿಯೇ ಐವತ್ತರ ಆಸುಪಾಸಿನಲ್ಲಿ ರಷ್ಯನ್ ಭಾಷೆ ಕಲಿತು, ಅಲ್ಲಿನ ವ್ಯವಸಾಯದ ವರದಿಗಳನ್ನು ರಾಶಿ ಹಾಕಿಕೊಂಡು ಓದಿದ್ದ. ಅವನ ‘ಬಂಡವಾಳ’ ಜರ್ಮನ್ನಿನಿಂದ ಮೊಟ್ಟಮೊದಲು ಅನುವಾದವಾದದ್ದೂ ರಷ್ಯನ್ ಭಾಷೆಗೇ, 1872ರಲ್ಲಿ. ಹೀಗಿದ್ದವನು ಜಸೂಲಿಚ್‌ಗೆ ಉತ್ತರ ಬರೆಯಲು ಕೂತು ಒಂದು ಕರಡು ಬರೆದ, ಹೊಡೆದುಹಾಕಿದ, ಇನ್ನೊಂದು, ಮತ್ತೊಂದು. ಒಟ್ಟು ನಾಲ್ಕು ಕರಡುಗಳು ಉಳಿದಿವೆ. ಮೊದಲನೆಯದು ಪುಟಗಟ್ಟಲೆ ಹರಿಯುತ್ತದೆ. ಕೊನೆಗೆ ಮಾರ್ಚ್ 8ರಂದು ಅವನು ಅಂಚೆಗೆ ಹಾಕಿದ್ದು ಒಂದು ಪುಟ್ಟ ಕಾಗದ.

ಅದರಲ್ಲಿದ್ದ ಮಾತಿನ ಸಾರ ಇಷ್ಟು: ರೈತರಿಂದ ಭೂಮಿ ಕಸಿಯುವ ಆ ಚಾರಿತ್ರಿಕ ಅನಿವಾರ್ಯತೆಯ ಬಗ್ಗೆ ನಾನು ಬರೆದದ್ದು ಪಶ್ಚಿಮ ಯುರೋಪಿನ ದೇಶಗಳಿಗೆ ಸೀಮಿತ. ಅಲ್ಲಿ ಒಂದು ಬಗೆಯ ಖಾಸಗಿ ಆಸ್ತಿ ಇನ್ನೊಂದು ಬಗೆಯ ಖಾಸಗಿ ಆಸ್ತಿಯಾಗಿ ಬದಲಾಯಿತು. ರಷ್ಯಾದಲ್ಲಿ ಸಮುದಾಯದ ಆಸ್ತಿಯನ್ನೇ ಖಾಸಗಿ ಮಾಡಬೇಕಾಗುತ್ತದೆ, ಅದು ಬೇರೆ ವಿಷಯ. ನನ್ನ ಗ್ರಂಥದಲ್ಲಿ ನಿಮ್ಮ ಸಮುದಾಯದ ಪರವಾಗಿಯೂ ಪುರಾವೆಯಿಲ್ಲ, ವಿರೋಧವಾಗಿಯೂ ಇಲ್ಲ. ಬೇರೆಯಾಗಿ ಮಾಡಿದ ಅಧ್ಯಯನದಿಂದ ನನಗನಿಸಿದ್ದು, ಈ ಸಮುದಾಯ ರಷ್ಯಾದ ಪುನರುಜ್ಜೀವನಕ್ಕೆ ಊರೆಗೋಲಾಗಬಹುದು. ಆದರೆ ಅದಕ್ಕೆ ಮೊದಲು ಎಲ್ಲ ಕಡೆಯಿಂದ ಅದರ ಮೇಲೆ ಎರಗುತ್ತಿರುವ ಹಾನಿಕರ ಶಕ್ತಿಗಳನ್ನು ತೊಲಗಿಸಬೇಕು.

ಗಮನಿಸಿ, ಇಲ್ಲಿ ‘ಆಗುತ್ತದೆ’ ಇಲ್ಲ. ‘ಆಗಬಹುದು, ಇಂತಿಂಥದ್ದು ನಡೆದರೆ’ ಇದೆ. ಮರುವರ್ಷ ‘ಪ್ರಣಾಳಿಕೆ’ಯ ಹೊಸ ರಷ್ಯನ್ ಆವೃತ್ತಿಗೆ ಅವನೂ ಅವನ ಗೆಳೆಯ ಏಂಗೆಲ್ಸ್‌ನೂ ಕೂಡಿ ಬರೆದ ಮುನ್ನುಡಿಯಲ್ಲೂ ಇದೇ ‘ರೆ’. ರಷ್ಯಾದ ಕ್ರಾಂತಿ ಪಶ್ಚಿಮದ ಕಾರ್ಮಿಕರ ಕ್ರಾಂತಿಗೆ ಕಿಡಿಯಾದರೆ, ಎರಡೂ ಒಂದಕ್ಕೊಂದು ಪೂರಕವಾದರೆ, ಆಗ ಹಳ್ಳಿಯ ಒಡೆತನ ಹೊಸ ಸಮಾಜದ ಆರಂಭವಾಗಬಲ್ಲದು. ಮೂವತ್ತನಾಲ್ಕು ವರ್ಷ ಹಿಂದೆ ಗೆಲುವು ಖಂಡಿತ ಎಂದು ಸಾರಿದ ಪುಸ್ತಕಕ್ಕೆ ಈಗ ಷರತ್ತಿನ ಮುನ್ನುಡಿ ಬಂದಿತ್ತು.

ಇದಕ್ಕೂ ಮೊದಲು, ಸುಮಾರು 1877ರಲ್ಲಿ, ಮಿಖಾಯ್ಲೊವ್‌ಸ್ಕಿ ಎಂಬ ರಷ್ಯನ್ ವಿಮರ್ಶಕನಿಗೆ ಉತ್ತರವಾಗಿ ಮಾರ್ಕ್ಸ್ ಒಂದು ಪತ್ರ ಬರೆದು ಕಳಿಸದೆ ಇಟ್ಟುಕೊಂಡಿದ್ದ. ಅದರಲ್ಲಿ ಪುರಾತನ ರೋಮಿನ ಉದಾಹರಣೆ ಬರುತ್ತದೆ. ರೋಮಿನಲ್ಲೂ ಸಣ್ಣ ರೈತರ ಭೂಮಿ ಹೋಯಿತು. ಒಂದು ಕಡೆ ದೊಡ್ಡ ಜಮೀನು, ದೊಡ್ಡ ಹಣ. ಇನ್ನೊಂದು ಕಡೆ ದುಡಿಯುವ ಕೈಗಳ ಹೊರತು ಬೇರೇನೂ ಇಲ್ಲದ ಸ್ವತಂತ್ರ ಜನ. ಬಂಡವಾಳಶಾಹಿಗೆ ಬೇಕಾದ ಸಾಮಗ್ರಿಯೆಲ್ಲ ಒಂದೆಡೆ ಕೂಡಿದಂತಿತ್ತು. ಆದರೆ ಆದದ್ದೇನು? ಆ ಜನ ಕೂಲಿಕಾರ್ಮಿಕರಾಗಲಿಲ್ಲ, ನಗರದಲ್ಲಿ ಕೆಲಸವಿಲ್ಲದೆ ಅಲೆಯುವ ಗುಂಪಾದರು. ಬೇಸಾಯವನ್ನು ಗುಲಾಮರು ಮಾಡಿದರು. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಘಟನೆಗಳು ಬೇರೆ ಬೇರೆ ಸನ್ನಿವೇಶದಲ್ಲಿ ಬೇರೆ ಬೇರೆ ಫಲ ಕೊಡುತ್ತವೆ. ಎಲ್ಲ ಬೀಗಕ್ಕೂ ಹೊಂದುವ ಕೀಲಿಕೈಯಂಥ ಚರಿತ್ರೆಯ ತತ್ವ ತನ್ನ ಬಳಿ ಇಲ್ಲ ಎಂಬುದು ಅವನ ನಿಲುವು. ನಿಯತಿವಾದಿ ಎಂದು ಕರೆಸಿಕೊಂಡವನೇ ಆ ಪಟ್ಟವನ್ನು ಬೇಡವೆಂದ ಪತ್ರ ಇದು.

ಈಗ ನಮ್ಮ ಕಡೆಗೆ ತಿರುಗೋಣ, ಏಕೆಂದರೆ ಈ ಕತೆಯಲ್ಲಿ ಮೈಸೂರಿಗೂ ಒಂದು ಪಾತ್ರವಿದೆ. ‘ಬಂಡವಾಳ’ದಲ್ಲಿ ಮಾರ್ಕ್ಸ್ ಭಾರತದ ಹಳ್ಳಿಯನ್ನು ಚಿತ್ರಿಸುವಾಗ ಅಡಿಟಿಪ್ಪಣಿಯಲ್ಲಿ ಒಂದು ಪುಸ್ತಕವನ್ನು ಹೆಸರಿಸುತ್ತಾನೆ. ಅದು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟಿಸಿದ, ಮೈಸೂರಿನ ಚರಿತ್ರೆಯನ್ನು ಹೇಳುವ ಗ್ರಂಥ. ಗೌಡ, ಶಾನುಭೋಗ, ತಳವಾರ, ತೋಟಿ, ಕೆರೆಯ ನೀರು ಬಿಡುವ ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ, ಹೀಗೆ ಹನ್ನೆರಡು ಆಯಗಾರರ ನಮ್ಮ ಹಳ್ಳಿಯನ್ನು ವಿಲ್ಕ್ಸ್ ಅಲ್ಲಿ ವಿವರಿಸಿದ್ದ. ಲಂಡನ್ನಿನಲ್ಲಿ ಕೂತ ಮಾರ್ಕ್ಸ್‌ಗೆ ಕಂಡದ್ದು ಈ ಹಳ್ಳಿ: ರಾಜರು ಬಂದರೂ ಹೋದರೂ ಬದಲಾಗದ, ತನ್ನಷ್ಟಕ್ಕೆ ತಾನೇ ಪೂರ್ಣವಾದ ಲೋಕ. ಇದು ಹೊರಗಿನ ಆಡಳಿತಗಾರನ ಕಣ್ಣಿನ ಚಿತ್ರ. ಅಕ್ಕಪಕ್ಕದ ಊರುಗಳ ಸಂತೆ, ಸಾಲ, ಜಗಳ, ಗುಳೆ, ಕೇರಿಯೊಳಗಿನ ಸಿಟ್ಟು ಇವು ಅದರೊಳಗೆ ಬರಲೇ ಇಲ್ಲ.

1853ರಲ್ಲಿ ‘ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್’ ಪತ್ರಿಕೆಗೆ ಬರೆದ ಲೇಖನಗಳಲ್ಲಿ ಮಾರ್ಕ್ಸ್, ಬ್ರಿಟಿಷರ ಲೋಭವನ್ನು ಕಟುವಾಗಿ ಬೈದೂ, ಈ ಹಳ್ಳಿಯ ಜಡತ್ವವನ್ನು ಮುರಿದದ್ದರಿಂದ ಇಂಗ್ಲೆಂಡು ತನಗರಿವಿಲ್ಲದೆ ಚರಿತ್ರೆಯ ಕೆಲಸ ಮಾಡಿತು ಎಂದ. ರೈಲು ಬಂದರೆ ಕೈಗಾರಿಕೆ ಬರುತ್ತದೆ, ಅದು ಜಾತಿಗೆ ಆಧಾರವಾದ ವಂಶಪಾರಂಪರ್ಯ ಕಸುಬಿನ ವಿಭಜನೆಯನ್ನು ಕರಗಿಸುತ್ತದೆ ಎಂದೂ ಬರೆದ. ಆ ವರ್ಷದ ಏಪ್ರಿಲ್‌ನಲ್ಲೇ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತ್ತು. ರೈಲು ದೇಶವಿಡೀ ಹರಡಿತು. ಜಾತಿ ಟಿಕೆಟ್ ತೆಗೆದುಕೊಂಡು ಅದೇ ರೈಲಿನಲ್ಲಿ ಕೂತಿತು. ಕಸುಬು ಬಿಟ್ಟವರ ಮನೆಯಲ್ಲೂ ಮದುವೆಯ ಮಾತು ಬಂದಾಗ ಜಾತಿ ಎದ್ದು ಕೂರುತ್ತದೆ. ತಂತ್ರಜ್ಞಾನದ ತಳಹದಿ ಬದಲಾದರೆ ಮೇಲಿನದು ತಾನಾಗಿ ಬದಲಾಗುತ್ತದೆ ಎಂಬ ಲೆಕ್ಕ ಇಲ್ಲಿ ಸೋತಿತು, ಅದನ್ನು ಒಪ್ಪಬೇಕು.

ಅಂಬೇಡ್ಕರ್ ಬೆರಳಿಟ್ಟದ್ದು ಇಲ್ಲಿಯೇ. 1936ರ ‘ಜಾತಿ ವಿನಾಶ’ದಲ್ಲಿ ಅವರು ಸಮಾಜವಾದಿಗಳಿಗೆ, ಅಧಿಕಾರದ ಮೂಲ ಆಸ್ತಿಯೊಂದೇ ಅಲ್ಲ, ಧರ್ಮವೂ ಸಾಮಾಜಿಕ ಸ್ಥಾನವೂ ಹೌದು, ಜಾತಿಯ ರಾಕ್ಷಸನನ್ನು ಕೊಲ್ಲದೆ ಆರ್ಥಿಕ ಸುಧಾರಣೆಯೂ ಸಾಧ್ಯವಿಲ್ಲ ಎಂದರು. ಬದುಕಿನ ಕೊನೆಯಲ್ಲಿ ಬುದ್ಧ ಮತ್ತು ಮಾರ್ಕ್ಸ್‌ರನ್ನು ಹೋಲಿಸಿ ಬರೆದಾಗ, ಸಮಾಜವಾದ ಅನಿವಾರ್ಯ ಎಂಬ ಪ್ರಮೇಯ ಸುಳ್ಳಾಗಿದೆ ಎಂದು ನೇರವಾಗಿ ಹೇಳಿದರು. ರಷ್ಯಾದಲ್ಲಿ ಅದು ತಾನಾಗಿ ಬರಲಿಲ್ಲ. ಯೋಜನೆ ಬೇಕಾಯಿತು, ಕ್ರಾಂತಿ ಬೇಕಾಯಿತು, ರಕ್ತವೂ ಹರಿಯಿತು ಎಂಬುದು ಅವರ ವಾದ. ಶೋಷಣೆಯ ಬಗ್ಗೆ, ಖಾಸಗಿ ಆಸ್ತಿಯ ಬಗ್ಗೆ ಮಾರ್ಕ್ಸ್ ಹೇಳಿದ್ದರಲ್ಲಿ ಉಳಿಯುವಂಥದ್ದು ಉಳಿದಿದೆ ಎಂದು ಅವರೇ ಪಟ್ಟಿ ಮಾಡಿಕೊಟ್ಟರು. ಅನಿವಾರ್ಯತೆಯನ್ನು ಬಿಟ್ಟು ಮಾರ್ಕ್ಸ್‌ನಿಂದ ಕಲಿಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮಾರ್ಕ್ಸ್‌ಗೂ ನ್ಯಾಯ ಸಲ್ಲಿಸಬೇಕು. ಅದೇ 1853ರ ಲೇಖನದಲ್ಲಿ, ಬ್ರಿಟನ್ನಿನಲ್ಲಿ ಕಾರ್ಮಿಕರು ಆಳುವವರನ್ನು ಕೆಳಗಿಳಿಸುವ ತನಕ, ಇಲ್ಲವೇ ಭಾರತೀಯರೇ ಇಂಗ್ಲಿಷರ ನೊಗವನ್ನು ಕಿತ್ತೆಸೆಯುವಷ್ಟು ಬಲಿಷ್ಠರಾಗುವ ತನಕ, ಈ ಬದಲಾವಣೆಯ ಫಲ ಭಾರತೀಯರಿಗೆ ದಕ್ಕುವುದಿಲ್ಲ ಎಂದೂ ಹೇಳಿದ್ದ. ಮತ್ತೆ ಅದೇ ಷರತ್ತು. ಮುಂದೆ ಜಸೂಲಿಚ್‌ಗೆ ಬರೆದ ಕರಡೊಂದರಲ್ಲಿ, ಭಾರತದಲ್ಲಿ ಸಮುದಾಯದ ಭೂಒಡೆತನವನ್ನು ಅಳಿಸಿದ್ದು ಇಂಗ್ಲಿಷರ ಧ್ವಂಸಕಾರ್ಯ, ಅದು ಜನರನ್ನು ಮುಂದಕ್ಕಲ್ಲ ಹಿಂದಕ್ಕೆ ತಳ್ಳಿತು ಎಂಬ ಅಭಿಪ್ರಾಯಕ್ಕೆ ಬಂದ. ಇಪ್ಪತ್ತೆಂಟು ವರ್ಷಗಳಲ್ಲಿ ಅವನ ಲೆಕ್ಕ ತಿರುಗಿತ್ತು. ಚರಿತ್ರೆಯ ದಾರಿ ಒಂದೇ ಎಂದು ಗಟ್ಟಿಯಾಗಿ ನಂಬಿದವನು ಹೀಗೆ ತಿರುಗುವುದಿಲ್ಲ.

ಮಾರ್ಕ್ಸ್ 1883ರಲ್ಲಿ ತೀರಿಕೊಂಡ ಮೇಲೆ ಗೆಳೆಯ ಏಂಗೆಲ್ಸ್‌ಗೆ ಇನ್ನೊಂದು ಕೆಲಸ ಬಿತ್ತು: ಶಿಷ್ಯರನ್ನು ತಿದ್ದುವುದು. 1890ರ ಸೆಪ್ಟೆಂಬರ್‌ನಲ್ಲಿ ಯೋಸೆಫ್ ಬ್ಲಾಖ್ ಎಂಬ ತರುಣನಿಗೆ ಬರೆದ ಪತ್ರದಲ್ಲಿ, ಉತ್ಪಾದನೆ ಕಟ್ಟಕಡೆಗೆ ನಿರ್ಣಾಯಕ ಎಂದಷ್ಟೇ ನಾವು ಹೇಳಿದ್ದು; ಅದೊಂದೇ ಕಾರಣ ಎಂದು ತಿರುಚಿದರೆ ಮಾತು ಅರ್ಥಹೀನವಾಗುತ್ತದೆ ಎಂದ. ಜರ್ಮನ್ ಉಪಭಾಷೆಗಳಲ್ಲಿ ವ್ಯಂಜನಗಳು ಬದಲಾದದ್ದಕ್ಕೂ ಆರ್ಥಿಕ ಕಾರಣ ಹುಡುಕಹೊರಟರೆ ನಗೆಪಾಟಲಾಗುತ್ತೇವೆ ಎಂದೂ ಸೇರಿಸಿದ. ಹಳಗನ್ನಡದ ‘ಪಾಲ್’ ಮುಂದೆ ‘ಹಾಲು’ ಆದದ್ದಕ್ಕೆ ಗೇಣಿಪದ್ಧತಿ ಕಾರಣವೆಂದು ಯಾರಾದರೂ ಹೇಳಿದರೆ ನಾವು ನಗುತ್ತೇವಲ್ಲ, ಹಾಗೆ. ಎದುರಾಳಿಗಳ ಮುಂದೆ ಆರ್ಥಿಕ ಅಂಶವನ್ನು ಒತ್ತಿ ಹೇಳಬೇಕಾದ ಗಡಿಬಿಡಿಯಲ್ಲಿ ಉಳಿದದ್ದಕ್ಕೆ ಸಲ್ಲಬೇಕಾದ ಗಮನ ಸಲ್ಲಿಸಲಿಲ್ಲ, ಅದಕ್ಕೆ ಒಂದಿಷ್ಟು ಹೊಣೆ ಮಾರ್ಕ್ಸ್‌ದೂ ನನ್ನದೂ ಎಂದು ಒಪ್ಪಿಕೊಂಡ.

ಹಾಗಾದರೆ ನಿಯತಿವಾದ ಇಷ್ಟು ಬಲವಾಗಿ ಬೇರೂರಿದ್ದು ಹೇಗೆ? ಅದು ಉಪಯೋಗಕ್ಕೆ ಬರುತ್ತಿತ್ತು, ಅದಕ್ಕೆ. ಸೋತ ಚಳವಳಿಗೆ ಅದು ಧೈರ್ಯ ಕೊಟ್ಟಿತು. ದೊಡ್ಡದಾಗಿ ಬೆಳೆದ ಪಕ್ಷಕ್ಕೆ ಕಾಯುವುದಕ್ಕೆ ನೆವ ಕೊಟ್ಟಿತು. ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 1912ರ ಚುನಾವಣೆಯಲ್ಲಿ 110 ಸ್ಥಾನ ಗೆದ್ದು ಸಂಸತ್ತಿನ ಅತಿದೊಡ್ಡ ಪಕ್ಷವಾಯಿತು. ಕಾಲ ತಮ್ಮ ಕಡೆಗಿದೆ, ಸದಸ್ಯರ ಪಟ್ಟಿ ಬೆಳೆಯುತ್ತಿದೆ, ಹಣ್ಣು ತಾನಾಗಿ ಬೀಳುತ್ತದೆ ಎಂಬ ಭರವಸೆ ಅದರ ನಾಯಕರದು. 1914ರ ಆಗಸ್ಟ್ 4ರಂದು ಅದೇ ಪಕ್ಷ ಕೈಸರನ ಯುದ್ಧಸಾಲಕ್ಕೆ ಮತ ಹಾಕಿತು. ಯುದ್ಧವನ್ನು ವಿರೋಧಿಸಿ ಜೈಲು ಸೇರಿದ ರೋಸಾ ಲಕ್ಸೆಂಬರ್ಗ್ ಅಲ್ಲಿಂದಲೇ ಬರೆದ ಕಿರುಹೊತ್ತಗೆಯಲ್ಲಿ, ಮುಂದಿರುವುದು ಎರಡು ದಾರಿ, ಸಮಾಜವಾದ ಅಥವಾ ಬರ್ಬರತೆ, ಆಯ್ಕೆ ನಮ್ಮದು ಎಂದಳು. ಆಯ್ಕೆ ಇದೆ ಎಂದ ಮೇಲೆ ಸೋಲೂ ಇದೆ.

ಅಧಿಕಾರಕ್ಕೆ ಬಂದವರ ಕೈಯಲ್ಲಿ ನಿಯತಿವಾದ ಇನ್ನೂ ಅಪಾಯಕಾರಿಯಾಯಿತು. 1938ರಲ್ಲಿ ಸ್ಟಾಲಿನ್ ಚರಿತ್ರೆಗೆ ಐದು ಮೆಟ್ಟಿಲು ಗೊತ್ತುಮಾಡಿದ: ಆದಿಮ ಸಮುದಾಯ, ಗುಲಾಮಗಿರಿ, ಊಳಿಗಮಾನ್ಯ, ಬಂಡವಾಳಶಾಹಿ, ಸಮಾಜವಾದ. ಮೆಟ್ಟಿಲು ನಿಗದಿಯಾದ ಮೇಲೆ ಅಡ್ಡ ಬಂದವರೆಲ್ಲ ಚರಿತ್ರೆಯ ಶತ್ರುಗಳು. ನಮ್ಮ ಡಿ. ಡಿ. ಕೋಸಂಬಿಯವರು ಮಾರ್ಕ್ಸ್‌ವಾದಿಯೇ ಆಗಿದ್ದು ಈ ಮೆಟ್ಟಿಲನ್ನು ಭಾರತದ ಚರಿತ್ರೆಗೆ ಹೊಡೆದು ಕೂರಿಸಲು ಒಪ್ಪಲಿಲ್ಲ. ನಾಣ್ಯ ತೂಗಿ, ಹಳ್ಳಿ ಸುತ್ತಿ, ಗ್ರಾಮದೇವತೆಗಳ ಗುಡಿಗಳನ್ನು ನೋಡಿ, ಇಲ್ಲಿ ಗ್ರೀಸ್, ರೋಮುಗಳಂಥ ಗುಲಾಮಗಿರಿಯ ಯುಗ ಇರಲಿಲ್ಲ ಎಂದು 1956ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಜಸೂಲಿಚ್‌ಗೆ ಮಾರ್ಕ್ಸ್ ಬರೆದ ಉತ್ತರ ಏನಾಯಿತು? ಅವಳಾಗಲಿ ಅವಳ ಸಂಗಡಿಗರಾಗಲಿ ಅದನ್ನು ಪ್ರಕಟಿಸಲಿಲ್ಲ. ಅವಳೇ ಪ್ಲೆಖಾನೊವ್‌ನ ಗುಂಪು ಸೇರಿ, ರಷ್ಯಾ ಬಂಡವಾಳಶಾಹಿಯನ್ನು ಹಾದೇ ಹೋಗಬೇಕು ಎನ್ನುವವರ ಜೊತೆಗಾದಳು. 1911ರಲ್ಲಿ ರಿಯಾಜಾನೊವ್ ಎಂಬ ವಿದ್ವಾಂಸನಿಗೆ ಕರಡುಗಳು ಸಿಕ್ಕಿದವು. ಪ್ಲೆಖಾನೊವ್‌ನನ್ನು ವಿಚಾರಿಸಿದರೆ ಅಂಥ ಉತ್ತರ ಬಂದ ನೆನಪೇ ಇಲ್ಲ ಎಂದ. ಮಾರ್ಕ್ಸ್‌ನ ಮೂಲ ಪತ್ರ ಅದೇ ಗುಂಪಿನ ಇನ್ನೊಬ್ಬನ ಕಡತಗಳಲ್ಲಿ ಪತ್ತೆಯಾಗಿ 1924ರಲ್ಲಿ ಅಚ್ಚಾಯಿತು. ಮಾರ್ಕ್ಸ್ ತಾನೇ ನಿಯತಿವಾದವನ್ನು ನಿರಾಕರಿಸಿದ ಮಾತು ಮಾರ್ಕ್ಸ್‌ವಾದಿಗಳ ಪೆಟ್ಟಿಗೆಯಲ್ಲೇ ನಲವತ್ತು ವರ್ಷ ಮುಚ್ಚಿ ಕುಳಿತಿತ್ತು. ಅಷ್ಟರಲ್ಲಿ ರಷ್ಯಾದ ಪ್ರಧಾನಿ ಸ್ಟೊಲಿಪಿನ್‌ನ ಭೂಸುಧಾರಣೆ ಹಳ್ಳಿಯ ಸಮುದಾಯವನ್ನು ಒಡೆಯಲು ನೋಡಿತ್ತು, 1917ರ ಗಲಭೆಯಲ್ಲಿ ರೈತರು ಅದನ್ನು ಮತ್ತೆ ಎಬ್ಬಿಸಿ ಭೂಮಿ ಹಂಚಿಕೊಂಡಿದ್ದರು. 1929ರ ನಂತರ ಬಲವಂತದ ಸಾಮೂಹಿಕ ಬೇಸಾಯ ಅದನ್ನು ಮುಗಿಸಿತು. ಅದನ್ನು ಕೊಂದದ್ದು ಚರಿತ್ರೆಯ ನಿಯಮವಲ್ಲ. ಸರಕಾರಗಳು, ಆಜ್ಞೆಗಳು, ಬಂದೂಕುಗಳು.

ಆದ್ದರಿಂದ ನನ್ನ ತೀರ್ಮಾನ ಹೀಗೆ. ಮಾರ್ಕ್ಸ್‌ನ ಸಿದ್ಧಾಂತದಲ್ಲಿ ನಿರ್ಬಂಧ ಇದೆ, ನಿಯತಿ ಇಲ್ಲ. ಜನ ತಮಗೆ ಸಿಕ್ಕ ಪರಿಸ್ಥಿತಿಯೊಳಗೇ ಚರಿತ್ರೆ ಮಾಡಬೇಕು, ಬೇಕಾದ ಪರಿಸ್ಥಿತಿಯನ್ನು ಆರಿಸಿಕೊಂಡಲ್ಲ. ಏನು ಮಾಡಲಾಗದು ಎಂಬುದನ್ನು ಅದು ಬಿಗಿಯಾಗಿ ಹೇಳುತ್ತದೆ, ಏನಾಗಿಯೇ ತೀರುತ್ತದೆ ಎಂಬುದನ್ನು ಹೇಳುವ ಹಕ್ಕು ಅದಕ್ಕಿಲ್ಲ. ಮಾರ್ಕ್ಸ್ ಆ ಹಕ್ಕನ್ನು ಚಲಾಯಿಸಿದ ಕಡೆಗಳಲ್ಲಿ ಎಡವಿದ, ಹುರುಪಿನ ಘೋಷಣೆಗಳಲ್ಲೂ ನಮ್ಮ ರೈಲಿನ ವಿಷಯದಲ್ಲೂ. ಕೂತು ಒಂದು ದೇಶವನ್ನು ಓದಿದ ಕಡೆ ಅವನು ಷರತ್ತುಗಳ ಮನುಷ್ಯ.

ಕೊನೆಗೊಂದು ಮಾತು. ‘ಇದು ಅನಿವಾರ್ಯ, ಬೇರೆ ದಾರಿಯಿಲ್ಲ’ ಎಂಬ ಮಾತು ಇಂದು ಕೆಂಬಾವುಟದ ಕೆಳಗಿಂದ ಕೇಳಿಬರುವುದು ಕಡಿಮೆ. ಮಾರುಕಟ್ಟೆಯ ಪರವಾಗಿ, ಜಾಗತೀಕರಣದ ಪರವಾಗಿ, ಹೊಸ ಯಂತ್ರಗಳ ಪರವಾಗಿ ಅದನ್ನು ಹೇಳುವವರೇ ಹೆಚ್ಚು. ಯಾರೇ ಹೇಳಲಿ, ಜಸೂಲಿಚ್ ಕೇಳಿದಂತೆ ಕೇಳಿ: ಎಲ್ಲಿ, ಯಾವ ಷರತ್ತಿನ ಮೇಲೆ, ಯಾರು ಏನು ಮಾಡಿದರೆ? ಈ ಪ್ರಶ್ನೆಗೆ ಉತ್ತರ ಕೊಡದ ಯಾವ ಅನಿವಾರ್ಯತೆಯನ್ನೂ ನಂಬಬೇಡಿ.